ನನ್ನನ್ನು ಹಿಡಿದು ಎದ್ದವರು

ನಾನು ಮೂರು ಗಾಲಿಯ ಮರದ ಗಾಡಿ. ಕೂಸುಗಳು ಹಿಡಿದುಕೊಂಡು ನಡೆಯಲು ಕಲಿಯುತ್ತವಲ್ಲ, ಅಂಥದ್ದು. ರೋಣದ ಬಡಿಗೇರ ಮಾನಪ್ಪ ಯಾರದೋ ಮನೆಯ ಬಾಗಿಲು ಮಾಡಿ ಉಳಿದ ಸಾಗವಾನಿ ತುಂಡುಗಳಿಂದ ನನ್ನನ್ನು ಮಾಡಿದ. ಹಿಡಿಕೆಗೆ ಕೆಂಪು ಬಣ್ಣ, ಗಾಲಿಗಳಿಗೆ ಹಳದಿ. ಉರುಳಿದರೆ ಕಟಕಟ ಸದ್ದಾಗಲೆಂದು ಮುಂದಿನ ಗಾಲಿಗೆ ತಾಗುವಂತೆ ಒಂದು ಸಣ್ಣ ಪಟ್ಟಿ ಬಡಿದ.

"ಸದ್ದು ಕೇಳಿದ್ರ ಕೂಸು ಎಲ್ಲೈತಿ ಅಂತ ತಾಯಿಗೆ ಗೊತ್ತಾಗತೈತಿ" ಎಂದು ನನ್ನನ್ನು ತುಳಸವ್ವನ ಕೈಗೆ ಕೊಟ್ಟ.

ತುಳಸವ್ವನಿಗೆ ಇಬ್ಬರು ಮಕ್ಕಳು. ದೊಡ್ಡವಳು ಸುಶೀಲ, ಐದು ವರ್ಷದವಳು. ಚಿಕ್ಕವನು ಮಾರುತಿ. ಒಂದೂವರೆ ವರ್ಷ ತುಂಬಿದರೂ ಅವನು ಇನ್ನೂ ನಡೆದಿರಲಿಲ್ಲ. ಗಂಡುಹುಡುಗರು ತಡವಾಗಿಯೇ ನಡೆಯುತ್ತಾರೆ ಎಂದು ಓಣಿಯವರೆಲ್ಲ ಹೇಳಿದ್ದರು. ಅವನ ಎರಡು ಬೆಚ್ಚನೆಯ ಅಂಗೈ ನನ್ನ ಹಿಡಿಕೆಯ ಮೇಲೆ ಬಿದ್ದ ಗಳಿಗೆಯಿಂದಲೇ ನನ್ನ ಬದುಕು ಶುರುವಾಯಿತು. ಅಕ್ಕ ಮುಂದೆ ನಿಂತು ಚಪ್ಪಾಳೆ ತಟ್ಟುತ್ತಿದ್ದಳು, ಅವನು ನನ್ನನ್ನು ತಳ್ಳಿಕೊಂಡು ಅವಳ ಕಡೆ ಹೋಗುತ್ತಿದ್ದ. ಎರಡು ತಿಂಗಳಲ್ಲಿ ನನ್ನನ್ನು ಬಿಟ್ಟು ನಡೆದ. ನನ್ನಂಥವರಿಗೆ ಅದೇ ಗೆಲುವು. ಬಿಟ್ಟುಹೋಗಲೆಂದೇ ನಮ್ಮನ್ನು ಮಾಡಿರುತ್ತಾರೆ.

ಆದರೆ ಮಾರುತಿ ಮತ್ತೆ ಬಂದ. ಆರನೆಯ ವರ್ಷದಲ್ಲಿ ಅವನು ಪದೇಪದೇ ಬೀಳತೊಡಗಿದ. ಬಿದ್ದರೆ ಸುಮ್ಮನೆ ಏಳಲಾಗುತ್ತಿರಲಿಲ್ಲ. ಮೊದಲು ನೆಲಕ್ಕೆ ಕೈ ಊರಿ, ಆಮೇಲೆ ಮೊಣಕಾಲಿಗೆ, ಆಮೇಲೆ ತೊಡೆಗೆ ಕೈ ಕೊಟ್ಟು, ತನ್ನ ಮೈಯನ್ನು ತಾನೇ ಹತ್ತುವವನಂತೆ ಏಳುತ್ತಿದ್ದ. ಮೂಲೆಯಲ್ಲಿದ್ದ ನನ್ನನ್ನೂ ಎಳೆದುಕೊಂಡು ಆಸರೆ ಹಿಡಿಯುತ್ತಿದ್ದ. ನಾನು ಅವನಿಗೆ ತೀರ ಗಿಡ್ಡವಾಗಿದ್ದೆ. ಹನ್ನೊಂದು ವರ್ಷದ ಹೊತ್ತಿಗೆ ಅವನ ನಡಿಗೆ ನಿಂತಿತು. ತುಳಸವ್ವ ನನ್ನನ್ನು ಅಟ್ಟಕ್ಕೆ ಹಾಕಿದಳು. ಅಲ್ಲಿಂದ ನನಗೆ ಅವನ ಮಾತು ಕೇಳುತ್ತಿತ್ತು, ಹೆಜ್ಜೆ ಕೇಳುತ್ತಿರಲಿಲ್ಲ. ಹದಿನೆಂಟು ತುಂಬುವ ಮೊದಲೇ ಒಂದು ಮಳೆಗಾಲದಲ್ಲಿ ಅವನಿಗೆ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು. ಆಮೇಲೆ ಮಾತೂ ಕೇಳಲಿಲ್ಲ.

ಸುಶೀಲಳ ಮದುವೆ ಬೆಟಗೇರಿಯ ನೇಕಾರ ದೇವೇಂದ್ರಪ್ಪನ ಜೊತೆ ನಡೆಯಿತು. ಹೆಣ್ಣು ನೋಡಲು ಬಂದ ದಿನ ಗಂಡಿನ ತಾಯಿ ಗೌರವ್ವ, ಗೋಡೆಯ ಮೇಲಿನ ಫೋಟೋ ನೋಡಿ ಹುಡುಗ ಹೇಗೆ ಹೋದ ಎಂದು ಕೇಳಿದ್ದಳು. "ಜ್ವರಾ ಬಂದು ಹೋದ್ರಿ" ಎಂದಷ್ಟೇ ಹೇಳಿದಳು ತುಳಸವ್ವ. ಅದು ಸುಳ್ಳಲ್ಲ. ಆದರೆ ಅಟ್ಟದ ಮೇಲಿದ್ದ ನನಗೂ ಅದರಲ್ಲಿ ಬಿಟ್ಟುಹೋದದ್ದು ಏನೆಂದು ಗೊತ್ತಿತ್ತು.

ಸುಶೀಲ ಚೊಚ್ಚಲ ಗಂಡು ಹೆತ್ತಳು. ವಿಠ್ಠಲ ಎಂದು ಹೆಸರಿಟ್ಟರು. ಅವನು ಅಂಬೆಗಾಲಿಡುವಾಗ ತವರಿಗೆ ಬಂದವಳು, ತಾನೇ ನಿಚ್ಚಣಿಕೆ ಹತ್ತಿ ನನ್ನನ್ನು ಕೆಳಗಿಳಿಸಿದಳು.

"ಅದು ಬ್ಯಾಡವ್ವ. ಹೊಸಾದು ಮಾಡಿಸಿ ಕೊಡ್ತೀನಿ" ಎಂದಳು ತುಳಸವ್ವ.

"ಯಾಕ? ಗಟ್ಟಿ ಐತಲ್ಲ. ನನ್ನ ತಮ್ಮಂದು ಅದು. ನನಗ ಅದ ಬೇಕು."

ತುಳಸವ್ವ ಏನೋ ಹೇಳಲು ಹೋಗಿ ಸೆರಗಿನಿಂದ ನನ್ನ ಮೇಲಿನ ಧೂಳು ಒರೆಸಿದಳು.

ಬೆಟಗೇರಿಯ ಮನೆ ಎಂದರೆ ಮುಂದೆ ಒಂದು ಪಡಸಾಲೆ, ಅದರಲ್ಲಿ ಕುಣಿಮಗ್ಗ. ದೇವೇಂದ್ರಪ್ಪ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ದಿನವಿಡೀ ಸೀರೆ ನೇಯುತ್ತಿದ್ದ. ನನ್ನ ಕಣ್ಣಿಗೆ ಮನುಷ್ಯರೆಂದರೆ ಮೊದಲು ಕಾಲು. ಮಗ್ಗದ ತುಳಿಹಲಗೆಯನ್ನು ಒತ್ತುವ ಅವನ ಕಾಲುಗಳಂಥ ಗಟ್ಟಿ ಕಾಲನ್ನು ನಾನು ಎಲ್ಲಿಯೂ ನೋಡಿರಲಿಲ್ಲ. ನನಗೆ ನೀಲಿ ಬಣ್ಣ ಬಳಿದು, ಗಾಲಿಗೆ ಎಣ್ಣೆ ಬಿಟ್ಟವನೂ ಅವನೇ.

ವಿಠ್ಠಲ ನನ್ನನ್ನು ಹಿಡಿದು ನಿಂತಾಗ ಅವನಿಗೂ ಒಂದೂವರೆ ವರ್ಷ ದಾಟಿತ್ತು. ಮನೆಯಲ್ಲಿ ಹಬ್ಬದ ಗದ್ದಲ. ಮಗ್ಗ ನಿಲ್ಲಿಸಿ ಅಪ್ಪ ಎದ್ದುಬಂದ. ಗೌರವ್ವ ಮೊಮ್ಮಗನ ದೃಷ್ಟಿ ತೆಗೆದಳು. ನಾನು ಮಾತ್ರ ಅವನ ಹಿಮ್ಮಡಿಗಳನ್ನು ನೋಡುತ್ತಿದ್ದೆ. ಅವು ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ. ಮೂರು ತುಂಬುವ ಹೊತ್ತಿಗೆ ಹುಡುಗ ತುದಿಗಾಲಲ್ಲಿಯೇ ನಡೆಯುತ್ತಿದ್ದ.

ಎಣ್ಣೆಸ್ನಾನದ ದಿನ ಸುಶೀಲ ಅವನನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಗೌರವ್ವ ಪಕ್ಕದಲ್ಲಿ ಕೂತು ನೂಲು ಬಿಡಿಸುತ್ತಿದ್ದಳು.

"ಮೀನಖಂಡ ನೋಡ ಹೆಂಗದಾವು, ಕಲ್ಲಿನಂಗ" ಎಂದು ನಕ್ಕಳು ಮುದುಕಿ. "ನನ್ನ ಮೊಮ್ಮಗ ಪೈಲ್ವಾನ ಆಗ್ತಾನ."

ಸುಶೀಲಳ ಕೈ ಆ ಪುಟ್ಟ ಕಾಲಿನ ಮೇಲೆ ಅಲ್ಲಿಯೇ ನಿಂತಿತು. ಮಾರುತಿಯ ಕಾಲನ್ನೂ ಅವಳು ಹೀಗೆಯೇ ತಿಕ್ಕಿದ್ದಳು. ಅವನ ಮೀನಖಂಡಗಳೂ ಹೀಗೆಯೇ ದಪ್ಪಗೆ, ಗಟ್ಟಿಯಾಗಿ ಇದ್ದವು. ಎಣ್ಣೆ ಬೆರಳುಗಳಿಂದ ಇಳಿದು ನೆಲಕ್ಕೆ ಬಿತ್ತು. "ಹೌದ್ರಿ ಅತ್ತಿ" ಎಂದಳು ಕೊನೆಗೆ. ಅಂದಿನಿಂದ ಅವಳು ಮಗನ ಮುಖಕ್ಕಿಂತ ಕಾಲನ್ನೇ ಹೆಚ್ಚು ನೋಡಿದಳು.

ಅಷ್ಟರಲ್ಲಿ ಎರಡನೆಯವನು ಮೌನೇಶ ಹುಟ್ಟಿದ್ದ. ಹೆಸರು ಮೌನೇಶನಾದರೂ ಅವನಿದ್ದಲ್ಲಿ ಮೌನವೇ ಇರುತ್ತಿರಲಿಲ್ಲ. ಹತ್ತನೆಯ ತಿಂಗಳಿಗೇ ಎದ್ದು ನಿಂತ. ನನ್ನನ್ನು ಹಿಡಿದು ನಡೆಯುವ ಬದಲು ನನ್ನ ಮೇಲೆ ಹತ್ತಿ ಕೂತ, ಗೋಡೆಗೆ ಗುದ್ದಿದ, ಒಂದು ಗಾಲಿಯ ಅಂಚು ಸೀಳಿಸಿದ. ಎರಡನೆಯ ವರ್ಷಕ್ಕೆ ಓಣಿಯಲ್ಲಿ ಓಡುತ್ತಿದ್ದ. ಅಣ್ಣ ಹಿಂದೆ ಉಳಿಯುತ್ತಿದ್ದ. ಮನೆಯವರು ನೋಡಿ ನಗುತ್ತಿದ್ದರು. ಸುಶೀಲ ನಗುತ್ತಿರಲಿಲ್ಲ.

ಐದನೆಯ ವರ್ಷ ವಿಠ್ಠಲ ಬೀಳತೊಡಗಿದ. ಬಾಲವಾಡಿಯ ಮೆಟ್ಟಿಲ ಮೇಲೆ ಬಿದ್ದ, ನಲ್ಲಿಯ ಹತ್ತಿರ ಬಿದ್ದ, ಏನೂ ಇಲ್ಲದ ಸಪಾಟು ನೆಲದ ಮೇಲೂ ಬಿದ್ದ. ನೆಲಕ್ಕೆ, ಮೊಣಕಾಲಿಗೆ, ತೊಡೆಗೆ ಕೈ ಕೊಟ್ಟು ಎದ್ದ.

"ಮುದುಕನಂಗ ಏಳ್ತಿಯಲ್ಲೋ. ಸರಿಯಾಗಿ ಏಳು" ಎಂದು ಮಗ್ಗದಿಂದಲೇ ಗದರಿದ ದೇವೇಂದ್ರಪ್ಪ.

"ಬೈಬ್ಯಾಡ್ರಿ ಅವಗ" ಎಂದಳು ಸುಶೀಲ. ಅವಳ ದನಿ ಕೇಳಿ ಅವನು ಮಗ್ಗ ನಿಲ್ಲಿಸಿದ. "ಅವ ಬೇಕಂತ ಮಾಡಾಕತ್ತಿಲ್ಲ. ಹುಬ್ಬಳ್ಳಿಗೆ ದೊಡ್ಡ ಡಾಕ್ಟರಿಗೆ ತೋರಿಸೋಣು."

ಆಗ ಅವಳು ಮೂರನೆಯ ಬಾರಿ ಬಸುರಿ, ಆರು ತಿಂಗಳು.

ಹುಬ್ಬಳ್ಳಿಯಲ್ಲಿ ನಡೆದದ್ದನ್ನು ನಾನು ಅವರು ಎರಡನೆಯ ಸಲ ಹೋಗಿ ಮರಳಿ ಬಂದ ಸಂಜೆ ಕೇಳಿದೆ. ಹುಡುಗನ ಮಾಂಸಖಂಡಗಳು ಒಂದೊಂದಾಗಿ ಶಕ್ತಿ ಕಳೆದುಕೊಳ್ಳುವ ಬೇನೆಯಂತೆ. ತಾಯಿಯ ಕಡೆಯಿಂದ ಬರುತ್ತದಂತೆ, ಹೆಚ್ಚಾಗಿ ಗಂಡುಮಕ್ಕಳಿಗೆ. ಗುಣವಾಗುವುದಿಲ್ಲ, ಗುಳಿಗೆಯಿಂದ ಸ್ವಲ್ಪ ಕಾಲ ತಡೆಯಬಹುದು. ಮೌನೇಶನ ರಕ್ತ ನೋಡಿ ಅವನಿಗೆ ಇಲ್ಲ ಎಂದರಂತೆ. ಆಮೇಲೆ ಡಾಕ್ಟರು ಸುಶೀಲಳ ಹೊಟ್ಟೆ ನೋಡಿ ಮಾತು ನಿಲ್ಲಿಸಿದರಂತೆ.

ಗೌರವ್ವ ಸೊಸೆಯನ್ನು ಕೇಳಿದಳು.

"ನಿನ್ನ ತಮ್ಮ ಹೆಂಗ ಹೋದ?"

"ಜ್ವರಾ ಬಂದು ಹೋದ್ರಿ ಅತ್ತಿ. ಅದಕ್ಕೂ ಮೊದಲು ಅವ ಎಷ್ಟೋ ವರ್ಷ ನಡೆದಿರಲಿಲ್ಲ. ಅದನ್ನ ಯಾರಿಗೂ ಹೇಳಬ್ಯಾಡ ಅಂದಿದ್ಲು ನಮ್ಮವ್ವ."

"ಗೊತ್ತಿದ್ದೂ ಕೊಟ್ಟರು. ನೀನೂ ಗೊತ್ತಿದ್ದ ಬಂದಿ."

"ಹಿಂಗ ಬರತೈತಿ ಅಂತ ಗೊತ್ತಿರಲಿಲ್ರಿ. ನನ್ನ ಮಕ್ಕಳ ಆಣೆ."

"ಮಕ್ಕಳ ಆಣೆ ಮಾಡಬ್ಯಾಡ" ಎಂದಳು ಗೌರವ್ವ, ದನಿ ಏರಿಸದೆ.

ದೇವೇಂದ್ರಪ್ಪ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತಿದ್ದ. ಕಾಲು ಅಲುಗುತ್ತಿರಲಿಲ್ಲ. "ಆಕಿ ತಪ್ಪಲ್ಲ ಅಂತ ಡಾಕ್ಟರ್ ಹೇಳ್ಯಾರವ್ವ" ಎಂದ, ಅಷ್ಟೇ. ಹೆಂಡತಿಯ ಮುಖ ನೋಡಲಿಲ್ಲ.

ಮುದುಕಿಯ ಕಣ್ಣು ಮನೆಯೆಲ್ಲ ಸುತ್ತಿ ನನ್ನ ಮೇಲೆ ಬಂದು ನಿಂತಿತು. "ಇದೂ ಅಲ್ಲಿಂದ ಬಂದದ್ದ" ಎಂದಳು. ನನ್ನನ್ನು ಎತ್ತಿಕೊಂಡು ಹೋಗಿ ಹಿತ್ತಲಿನ ಬಚ್ಚಲ ಒಲೆಯ ಪಕ್ಕ, ಕಟ್ಟಿಗೆ ರಾಶಿಗೆ ಒಗೆದಳು. ಪ್ರತಿದಿನ ಬೆಳಿಗ್ಗೆ ಒಂದೆರಡು ಕಟ್ಟಿಗೆ ನನ್ನ ಮಗ್ಗುಲಿಂದ ಒಲೆಗೆ ಹೋಗುತ್ತಿದ್ದವು. ನನ್ನ ಸರದಿ ಬರಲಿಲ್ಲ. ಗೌರವ್ವನ ಕೈ ನನ್ನ ಹತ್ತಿರ ಬಂದು ಪಕ್ಕದ ತುಂಡನ್ನು ಹಿಡಿಯುತ್ತಿತ್ತು. ಯಾಕೆಂದು ಅವಳಿಗೂ ಗೊತ್ತಿರಲಿಕ್ಕಿಲ್ಲ.

ಹುಟ್ಟಿದ್ದು ಗಂಡು. ಪರಶುರಾಮ. ರಕ್ತ ಪರೀಕ್ಷೆಗೆ ಸುಶೀಲ ಒಪ್ಪಲಿಲ್ಲ. "ಗೊತ್ತಾದ ಮ್ಯಾಲ ಇವನ್ನ ಹೆಂಗ ಎತ್ತಿಕೊಳ್ಳಲಿ? ಇರಲಿ, ಇರೋತನಕ ಗೊತ್ತಾಗದ ಇರಲಿ" ಎಂದಳಂತೆ.

ಅವನಿಗೆ ವರ್ಷ ತುಂಬಿದಾಗ ನನ್ನನ್ನು ಕಟ್ಟಿಗೆ ರಾಶಿಯಿಂದ ತೆಗೆಸಿದವನು ವಿಠ್ಠಲ. "ಅವ್ವಾ, ಪರಶ್ಯಾಗ ಗಾಡಿ ಕೊಡು. ನಾ ಹಿಡಕೊಂಡಿರ್ತೀನಿ" ಎಂದು ಹಟ ಹಿಡಿದ. ದೇವೇಂದ್ರಪ್ಪ ನನ್ನನ್ನು ತೊಳೆದು ತಂದಿಟ್ಟ. ಗೌರವ್ವ ನೋಡಿದಳು, ಬೇಡ ಎನ್ನಲಿಲ್ಲ. ಪಡಸಾಲೆಯ ಒಂದು ತುದಿಯಲ್ಲಿ ವಿಠ್ಠಲ, ಇನ್ನೊಂದು ತುದಿಯಲ್ಲಿ ಮೌನೇಶ. ನಡುವೆ ನಾನು, ನನ್ನ ಹಿಂದೆ ತಮ್ಮ. ಹುಡುಗರು ಕೇಕೆ ಹಾಕುತ್ತಿದ್ದರು. ಸುಶೀಲ ಮಾತ್ರ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

"ಅವ್ವಾ, ಬಂದು ನೋಡು, ನಡೀಯಾಕತ್ತಾನ."

"ನೀನ ನೋಡಪ್ಪ" ಎಂದಳು ಒಳಗಿನಿಂದ. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದಳು, "ಹಿಮ್ಮಡಿ ನೆಲಕ್ಕ ಊರ್ತಾನೇನು?"

ವಿಠ್ಠಲ ಬಗ್ಗಿ ನೋಡಿದ. "ಊರ್ತಾನ" ಎಂದ. ಆಮೇಲೆ ತನ್ನ ಹಿಮ್ಮಡಿಗಳನ್ನೂ ಒಮ್ಮೆ ನೋಡಿಕೊಂಡ.

ಎರಡು ವರ್ಷ ಹೇಗೋ ಕಳೆಯಿತು. ಮನೆ ಮತ್ತೆ ಉಸಿರಾಡತೊಡಗಿತ್ತು. ಒಂದು ಮಧ್ಯಾಹ್ನ ಸುಶೀಲ ನೂಲು ಸುತ್ತಿದ ಕಂಡಿಕೆಗಳ ಬುಟ್ಟಿ ಹಿಡಿದು ಮಗ್ಗದ ಕಡೆ ಬರುತ್ತಿದ್ದಳು. ಪರಶುರಾಮ ನೆಲದ ಮೇಲೆ ಆಡುತ್ತಿದ್ದ. ಅವ್ವನನ್ನು ನೋಡಿ ಏಳಹೋದ. ನೆಲಕ್ಕೆ ಕೈ ಊರಿದ. ಮೊಣಕಾಲಿಗೆ ಕೈ ಕೊಟ್ಟ. ತೊಡೆಗೆ ಕೊಟ್ಟ. ಎದ್ದು ನಿಂತು ನಕ್ಕ.

ಬುಟ್ಟಿ ಬಿತ್ತು. ನೂಲಿನ ಕಂಡಿಕೆಗಳು ಪಡಸಾಲೆಯ ತುಂಬ ಉರುಳಿದವು. ಒಂದು ನನ್ನ ಗಾಲಿಗೆ ಬಂದು ತಾಗಿತು.

ದೇವೇಂದ್ರಪ್ಪ ಕುಣಿಯಿಂದ ಎದ್ದು ಬಂದು ಮಗನನ್ನು ನೆಲಕ್ಕೆ ಕೂರಿಸಿದ. "ಏಳು" ಎಂದ. ಹುಡುಗ ತೊಡೆಗೆ ಕೈ ಕೊಟ್ಟು ಎದ್ದ. ಮತ್ತೆ ಕೂರಿಸಿದ. "ಏಳೋ, ಕೈ ಹಚ್ಚಬ್ಯಾಡ." ಹುಡುಗನಿಗೆ ಅರ್ಥವಾಗಲಿಲ್ಲ. ಕೂರಿಸುವುದು, ಎಬ್ಬಿಸುವುದು, ಕೂರಿಸುವುದು. ಹುಡುಗ ಅಳತೊಡಗಿದ. ಅಪ್ಪನ ಕೈ ನಿಲ್ಲಲಿಲ್ಲ. ಕೊನೆಗೆ ಗೌರವ್ವ ಬಂದು ಮಗನ ರಟ್ಟೆ ಹಿಡಿದಳು. "ಸಾಕು. ಕೂಸು ಅದು" ಎಂದಳು. ವಿಠ್ಠಲ ಬಾಗಿಲ ಹತ್ತಿರ ಕೂತು ಎಲ್ಲವನ್ನೂ ನೋಡುತ್ತಿದ್ದ.

ಮರುದಿನವೇ ಹುಬ್ಬಳ್ಳಿಗೆ ಹೋಗಿ ರಕ್ತ ಕೊಟ್ಟು ಬಂದರು. ಫಲಿತಾಂಶ ಬರುವವರೆಗೆ ಆ ಮನೆಯಲ್ಲಿ ಒಲೆ ಉರಿಯಿತು, ಮಗ್ಗ ನಡೆಯಿತು, ಮಾತು ನಡೆಯಲಿಲ್ಲ. ಸುಶೀಲ ಪರಶುರಾಮನನ್ನು ಕಂಕುಳಿಂದ ಇಳಿಸಲೇ ಇಲ್ಲ. ಇಳಿಸಿದರೆ ಅವನು ಏಳುವುದನ್ನು ನೋಡಬೇಕಾಗುತ್ತಿತ್ತು.

ದೇವೇಂದ್ರಪ್ಪ ಫೋನಿನಲ್ಲಿ ಮಾತಾಡಿ, ಅದನ್ನು ಕೆಳಗಿಟ್ಟು, ಗೋಡೆಗೆ ಒರಗಿ ಕೂತುಬಿಟ್ಟ. "ಏನೂ ಇಲ್ಲಂತ" ಎಂದ. "ಅವಗ ಏನೂ ಇಲ್ಲಂತ."

ಗೌರವ್ವ ಒಳಗೆ ಹೋಗಿ ಸಕ್ಕರೆ ಡಬ್ಬಿ ತಂದಳು. ಸುಶೀಲ ಮಗುವಿನ ಹೊಟ್ಟೆಯಲ್ಲಿ ಮುಖವಿಟ್ಟು ಅತ್ತಳು. ಆಗ ಮೌನೇಶ ತಮ್ಮನನ್ನು ಕೇಳಿದ.

"ಮತ್ತ ಯಾಕ ಹಂಗ ಏಳ್ತಿಯೋ?"

"ಅಣ್ಣಾ ಹಿಂಗ ಏಳ್ತಾನಲ್ಲ" ಎಂದ ಪರಶುರಾಮ.

ದೊಡ್ಡವರಾದವರು ಹಾಗೆ ಏಳುತ್ತಾರೆ ಎಂದು ಅವನು ತಿಳಿದಿದ್ದ. ಗೌರವ್ವ ನಕ್ಕಳು. ದೇವೇಂದ್ರಪ್ಪನೂ ಕಣ್ಣೊರೆಸಿಕೊಂಡು ನಕ್ಕ. ಅದೆಷ್ಟೋ ವರ್ಷಗಳ ಮೇಲೆ ಆ ಪಡಸಾಲೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕರು. ಬಾಗಿಲ ಹತ್ತಿರ ಕೂತಿದ್ದ ವಿಠ್ಠಲನ ಕೈಗೂ ಯಾರೋ ಸಕ್ಕರೆ ಹಾಕಿದ್ದರು. ಅವನು ತಿಂದಿರಲಿಲ್ಲ. ಆಗ ಅವನಿಗೆ ಎಂಟೂವರೆ.

"ಅವ್ವಾ," ಎಂದ, "ನನ್ನ ರಕ್ತಾನೂ ಇನ್ನೊಮ್ಮೆ ನೋಡಸಾಕ ಬರಂಗಿಲ್ಲೇನು?"

ನಗು ನಿಂತಿತು. ಸುಶೀಲ ಪರಶುರಾಮನನ್ನು ಕೆಳಗಿಳಿಸಿ, ವಿಠ್ಠಲನ ಹತ್ತಿರ ಹೋಗಿ ನೆಲದ ಮೇಲೆ ಕೂತಳು. ಅವಳು ನಿಜ ಮುಚ್ಚಿಡಬಹುದಿತ್ತು. ಅವಳ ತವರಿನಲ್ಲಿ ಅದು ನಡೆದಿತ್ತು.

"ನೋಡಿಸಿದ್ರೂ ಅದ ಬರತೈತಿ ನೋಡಪ್ಪ" ಎಂದಳು.

"ಹಂಗಾದ್ರ ನನಗ ಒಬ್ಬನಿಗ?"

"ನಿನಗೊಬ್ಬನಿಗ."

ಹುಡುಗ ಮುಷ್ಟಿಯ ಸಕ್ಕರೆಯನ್ನು ಪರಶುರಾಮನ ಬಾಯಿಗೆ ಹಾಕಿದ. "ಇನ್ನ ಮ್ಯಾಲ ಹಂಗ ಏಳಬ್ಯಾಡ. ನಾ ಕಲಿಸ್ತೀನಿ" ಎಂದ. ಅವತ್ತು ಸಂಜೆಯೇ ಪಾಠ ಶುರುವಾಯಿತು. ತಾನು ಕೂತಲ್ಲಿಂದಲೇ "ಕೈ ಬಿಡು, ಕಾಲಿನ ಮ್ಯಾಲ ಭಾರ ಹಾಕು" ಎಂದು ಹೇಳಿಕೊಟ್ಟ. ತನಗೆ ಬಾರದ್ದನ್ನು ಅಷ್ಟು ಚೆನ್ನಾಗಿ ಕಲಿಸಿದವರನ್ನು ನಾನು ಕಂಡಿಲ್ಲ.

ನನಗೀಗ ವಯಸ್ಸಾಗಿದೆ. ಬಣ್ಣ ಉದುರಿದೆ, ಸೀಳಿದ ಗಾಲಿ ಕಳಚಿ ಬಿದ್ದಿದೆ. ಮಗ್ಗದ ಹಿಂದಿನ ಮೂಲೆಯಲ್ಲಿ ನೂಲಿನ ಬುಟ್ಟಿಗೆ ಆಸರೆಯಾಗಿದ್ದೇನೆ. ನಾಲ್ವರು ಹುಡುಗರು ನನ್ನನ್ನು ಹಿಡಿದು ಎದ್ದರು. ಯಾರ ಹೆಜ್ಜೆ ಎಷ್ಟು ದೂರ ಹೋಗುತ್ತದೆ ಎನ್ನುವುದು ನನ್ನ ಕೈಯಲ್ಲಿರಲಿಲ್ಲ, ಅವರ ತಾಯಂದಿರ ಕೈಯಲ್ಲಿಯೂ ಇರಲಿಲ್ಲ. ಮೊದಲ ಹೆಜ್ಜೆಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಕೊನೆಯ ಹೆಜ್ಜೆ ಯಾವುದೆಂದು ಮಾತ್ರ ಆ ಹೊತ್ತಿಗೆ ಯಾರಿಗೂ ತಿಳಿಯುವುದಿಲ್ಲ. ವಿಠ್ಠಲನ ಕೊನೆಯ ಹೆಜ್ಜೆಯನ್ನು ನಾನು ನೋಡಿರಬೇಕು. ಆದರೆ ಯಾವುದೆಂದು ನನಗೂ ನೆನಪಿಲ್ಲ.

ಹನ್ನೆರಡನೆಯ ವರ್ಷಕ್ಕೆ ವಿಠ್ಠಲನಿಗೆ ಗಾಲಿಕುರ್ಚಿ ಬಂತು. ತಂದ ದಿನ ಅದು ತಲಬಾಗಿಲಿನಲ್ಲಿಯೇ ನಿಂತಿತು. ಹೊಸ್ತಿಲು ಎತ್ತರವಾಗಿತ್ತು. ಗೌರವ್ವ ಮದುವೆಯಾಗಿ ಬಂದಾಗಿನಿಂದ ದಿನವೂ ಅರಿಶಿನ ಕುಂಕುಮ ಹಚ್ಚಿ ಕೈಮುಗಿದ ಹೊಸ್ತಿಲು ಅದು. ಅದರ ಮೇಲೆ ಕಾಲಿಟ್ಟರೆ ಮೊಮ್ಮಕ್ಕಳಿಗೆ ಬೈಯುತ್ತಿದ್ದಳು.

"ದಿನಾ ಎತ್ತಿ ದಾಟಿಸ್ತೀನಿ" ಎಂದ ದೇವೇಂದ್ರಪ್ಪ.

"ಎಷ್ಟು ದಿನ ಎತ್ತತಿ?" ಎಂದಳು ಗೌರವ್ವ. "ಬಡಿಗ್ಯಾರನ್ನ ಕರಿ. ಹೊಸ್ತಿಲಾ ಕೊಯ್ಸಿಬಿಡು."

"ಅವ್ವಾ, ಹೊಸ್ತಿಲಾ ಅದು."

"ಗೊತ್ತೈತಿ ನನಗ. ಕೂಸು ಹೊರಗ ಹೋಗಬೇಕು. ಕೊಯ್ಸು."

ಗರಗಸ ಹೊಸ್ತಿಲಿಗೆ ಬಿದ್ದಾಗ ಅವಳು ಒಳಗೆ ಹೋಗಲಿಲ್ಲ, ನಿಂತು ನೋಡಿದಳು. ಅರಿಶಿನ ಬಣ್ಣದ ಹೊಟ್ಟು ನೆಲಕ್ಕೆ ಉದುರಿತು. ಅದನ್ನು ಸುಶೀಲ ಗುಡಿಸಲು ಹೋದಾಗ ಅತ್ತೆ ಕಸಬರಿಗೆ ಇಸಿದುಕೊಂಡು ತಾನೇ ಗುಡಿಸಿದಳು.

ಪರಶುರಾಮ ಕುರ್ಚಿಯ ಹಿಂದೆ, ಮೌನೇಶ ಪಕ್ಕದಲ್ಲಿ. ಮೂವರೂ ಹೊರಬಿದ್ದರು. ಗಾಲಿಗಳು ಕೊಯ್ದ ಹೊಸ್ತಿಲನ್ನು ದಾಟಿ, ಓಣಿಯ ಕಲ್ಲುಗಳ ಮೇಲೆ ಸದ್ದು ಮಾಡುತ್ತ ಹೋದವು. ತಿರುವಿನ ಆಚೆ ಸದ್ದು ಅಡಗಿತು. ಸುಶೀಲ ಅದು ಮರಳಿ ಕೇಳುವವರೆಗೂ ಬಾಗಿಲು ಬಿಟ್ಟು ಕದಲಲಿಲ್ಲ.