ದಾಸಯ್ಯನ ಬದು

ನಾಲೆಗೆ ನೀರು ಬಿಟ್ಟು ಎಂಟು ದಿನವಾಗಿತ್ತು. ಪಾಂಡವಪುರದ ಕಡೆಯ ಆ ಬಯಲಲ್ಲಿ ನಾಟಿ ಅರ್ಧಕ್ಕೆ ಬಂದಿತ್ತು. ಪೈರು ಕಿತ್ತು ಕಂತೆ ಕಟ್ಟುತ್ತಿದ್ದ ಹೆಂಗಸರು ತಮಟೆಯ ಸದ್ದಿಗೆ ಸೊಂಟ ನೆಟ್ಟಗೆ ಮಾಡಿ ನಿಂತರು. ಕೆಂಪಣ್ಣ ಮೇಷ್ಟ್ರ ಚಟ್ಟ ನಾಲೆಯ ಏರಿ ಇಳಿದು ಬಂದು ದಾಸಯ್ಯನ ಗದ್ದೆಯ ಬದುವಿನ ಮುಂದೆ ನಿಂತುಬಿಟ್ಟಿತ್ತು. ಬದುವಿನ ಮೇಲೆ ದಾಸಯ್ಯ ಗುದ್ದಲಿ ಅಡ್ಡ ಹಿಡಿದಿದ್ದ.

ಬದು ದಾಟಿದರೆ ಮೇಷ್ಟ್ರ ಸ್ವಂತ ಜಮೀನು. ಗುಂಡಿ ತೆಗೆದದ್ದು ಅಲ್ಲಿ. ಸುತ್ತಲ ಗದ್ದೆಗಳೆಲ್ಲ ಕೆಸರಾಗಿದ್ದವು. ಹೆಣ ಹೊತ್ತವರಿಗೆ ಬೇರೆ ದಾರಿ ಇರಲಿಲ್ಲ.

"ಏನ್ಲಾ ದಾಸ, ಎಣ ಒತ್ಕಂಡ್ ನಿಂತೀವಿ. ದಾರಿ ಬುಡ್ಲಾ," ಅಂದ ಮೇಷ್ಟ್ರ ಅಣ್ಣ ಕರಿಯಯ್ಯ.

"ನನ್ ಬದು ಕಣಣ್ಣೋ, ಸರ್ಕಾರಿ ರೋಡಲ್ಲ."

"ಸತ್ತೋನ್ ಮ್ಯಾಲೆ ಎಂತದ್ಲಾ ಸಿಟ್ಟು?"

"ಬದುಕಿದ್ದಾಗ್ಲೂ ಕೇಳ್ದೆ, ಯಾಕಿಂಗ್ ಮಾಡ್ದೆ ಅಂತ. ಬಾಯೇ ಬುಡ್ನಿಲ್ಲ. ನನ್ ಮಗಳ ಒಂಬತ್ತ್ ನಂಬರ್ ತಿಂದ. ಮೈಸೂರ್ ಕಾಲೇಜಿನ ಸೀಟು ಓಯ್ತು. ಸಮಾಜ ಪಾಠದ ಮೇಷ್ಟ್ರು ಇಂಗ್ಲಿಷ್ ಕಲ್ಸಕೋದ್ರೆ ಇಂಗೇ ಆಗದು."

ಚಟ್ಟವನ್ನು ದಾರಿಯಲ್ಲಿ ಒಮ್ಮೆ ಮಾತ್ರ ಇಳಿಸಬೇಕು, ಆಮೇಲೆ ನೆಲ ಮುಟ್ಟಿಸಬಾರದು. ಅರಳಿಮರದ ಹತ್ತಿರ ಆಗಲೇ ಇಳಿಸಿ, ದಿಕ್ಕು ತಿರುಗಿಸಿ ಎತ್ತಿಯಾಗಿತ್ತು. ಹೊತ್ತ ನಾಲ್ವರು ಭುಜ ಬದಲಿಸಿದರು. ಒಬ್ಬನ ಕಾಲು ಜಾರಿ ಚಟ್ಟ ಒಂದು ಕಡೆಗೆ ವಾಲಿತು. ಮೇಷ್ಟ್ರ ಹೆಂಡತಿ ಚಲುವಮ್ಮ ಓಡಿಬಂದು ಬಿದಿರು ಹಿಡಿದುಕೊಂಡಳು.

ಹೆಂಗಸರ ಹಿಂದೆ, ಹೆಡ್‌ಮಾಸ್ಟರ ಪಕ್ಕದಲ್ಲಿ, ಅದೇ ಹೈಸ್ಕೂಲಿನ ಇಂಗ್ಲಿಷ್ ಮೇಡಮ್ಮು ಸಿಂಚನ ನಿಂತಿದ್ದಳು. ಬೆಳಿಗ್ಗೆ ಶ್ರೀರಂಗಪಟ್ಟಣದಿಂದ ಮೊದಲನೇ ಬಸ್ಸಿಗೆ ಬಂದಿದ್ದಳು. ಒಂಬತ್ತು ನಂಬರು ಅಂದಾಗ ಅವಳು ತಲೆ ತಗ್ಗಿಸಿದಳು.

*

ಹೋದ ವರ್ಷ ಹತ್ತನೇ ತರಗತಿಗೆ ಇಂಗ್ಲಿಷ್ ಪಾಠ ಮಾಡಿದವರು ಕೆಂಪಣ್ಣ ಮೇಷ್ಟ್ರು. ಮಕ್ಕಳ ಆಂತರಿಕ ಅಂಕಗಳನ್ನು ಕಂಪ್ಯೂಟರಿಗೆ ಏರಿಸಿದವಳು ಸಿಂಚನ. ಮೇಷ್ಟ್ರಿಗೆ ಕಂಪ್ಯೂಟರು ಒಗ್ಗಿರಲಿಲ್ಲ.

ನಡುವೆ ಬಂದು ಸೇರಿದ ಹುಡುಗಿಯೊಬ್ಬಳ ಹೆಸರನ್ನು ಮೇಷ್ಟ್ರು ರಿಜಿಸ್ಟರಿನ ಕೊನೆಗೆ ಬರೆದುಕೊಂಡಿದ್ದರು. ಇಲಾಖೆಯ ಪಟ್ಟಿಯಲ್ಲಿ ಆ ಹೆಸರು ಅಕ್ಷರಕ್ರಮದಲ್ಲಿ ನಡುವೆ ಕೂತಿತ್ತು. ಸಿಂಚನ ಹೆಸರು ನೋಡದೆ ಅಂಕಗಳನ್ನು ಸಾಲಾಗಿ ಒತ್ತುತ್ತ ಹೋದಳು. ಅಲ್ಲಿಂದ ಕೆಳಗೆ ಪ್ರತಿ ಮಗುವಿಗೂ ತನ್ನ ನಂತರದವರ ಅಂಕ ಬಿತ್ತು. ಕೊನೆಗೆ ಹೆಸರಿಗೂ ಅಂಕಕ್ಕೂ ಲೆಕ್ಕ ಸರಿಹೋದದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಮೇಷ್ಟ್ರು ಓದದೆ ಸಹಿ ಹಾಕಿದರು, ಇಂಗ್ಲಿಷ್ ಎಂ.ಎ. ಮಾಡಿದವಳ ಕೆಲಸ ನೋಡುವುದೇನು ಎಂದಿದ್ದರು. ದಾಸಯ್ಯನ ಮಗಳು ತನುಶ್ರೀಯ ಇಪ್ಪತ್ತು ಹನ್ನೊಂದಾಯಿತು. ಅಂಕ ಹೆಚ್ಚಾಗಿದ್ದ ಮಕ್ಕಳ ಮನೆಯವರು ಸುಮ್ಮನಿದ್ದರು. ತಿಳಿಯುವ ಹೊತ್ತಿಗೆ ತಿದ್ದುವ ದಿನ ಮುಗಿದಿತ್ತು. ಮೇಷ್ಟ್ರ ಹೆಸರಿಗೆ ನೋಟಿಸು ಬಂತು.

"ಒತ್ತಿದ್ದು ನಾನು ಅಂತ ಬರೆದುಕೊಡ್ತೀನಿ ಸಾರ್," ಅಂದಿದ್ದಳು ಸಿಂಚನ.

"ನಿಮ್ಮ ಪ್ರೊಬೇಷನ್ ಮುಗಿಯಕ್ಕೆ ಎಷ್ಟು ದಿನ ಐತೆ?"

"ನಾಲ್ಕು ತಿಂಗಳು."

ಮೇಷ್ಟ್ರು ಅಂಗೈಯ ಸೀಮೆಸುಣ್ಣದ ಪುಡಿ ಕೊಡವಿಕೊಂಡರು. "ನನ್ನ ನೇಮಕ ಆಗಿದ್ದು ಸಮಾಜ ವಿಜ್ಞಾನಕ್ಕೆ. ಇಂಗ್ಲಿಷ್‌ಗೆ ಜನ ಇಲ್ಲ ಅಂತ ಇಪ್ಪತ್ತಾರು ವರ್ಷ ಮಾಡ್ದೆ. ನಾನು ತಪ್ಪು ಮಾಡ್ದೆ ಅಂದ್ರೆ ಯಾರೂ ಸಾಕ್ಷಿ ಕೇಳಲ್ಲ. ತರಬೇತೀಲಿ ನೀವೇ ಅಂದಿದ್ರಂತಲ್ಲ."

ಅವಳು ಅಂದಿದ್ದಳು. ನಾಲ್ಕು ತಾಲ್ಲೂಕಿನ ಮೇಷ್ಟ್ರುಗಳ ಮುಂದೆ, ನಗುನಗುತ್ತ: ನಮ್ಮ ಸ್ಕೂಲಲ್ಲಿ ಇಂಗ್ಲಿಷ್ ಓದಿದ ಇಂಗ್ಲಿಷ್ ಟೀಚರು ನಾನೊಬ್ಬಳೇ.

ಅವಳು ಬರೆದುಕೊಡಲಿಲ್ಲ. ಜೂನಿನಲ್ಲಿ ಮೇಷ್ಟ್ರ ಕೈಯಿಂದ ಇಂಗ್ಲಿಷ್ ತಪ್ಪಿಸಿ ಸಮಾಜ ಕೊಟ್ಟರು. ಅವರು ಅದನ್ನೂ ಗಂಟಲು ಬಿಚ್ಚಿಯೇ ಪಾಠ ಮಾಡಿದರು. ಪಕ್ಕದ ಕೋಣೆಯಲ್ಲಿ ಸಿಂಚನ ಇಂಗ್ಲಿಷ್ ಪದ್ಯ ಓದಿಸುವಾಗ ಮಾತ್ರ ಅವರ ದನಿ ನಿಲ್ಲುತ್ತಿತ್ತು.

*

"ಜಾಸ್ತಿ ಒತ್ತು ಆಗಕಿಲ್ಲ ಕಣಣ್ಣ, ಬುಜ ಬಿದ್ದೋಯ್ತದೆ," ಅಂದ ಹೊತ್ತವರಲ್ಲೊಬ್ಬ.

"ಕೆಸ್ರಿಗೇ ಇಳೀರ್ಲಾ ಅತ್ಲಾಗೆ," ಅಂದ ಕರಿಯಯ್ಯ.

"ಇಳೀಬೇಡಿ," ಅಂದಳು ಸಿಂಚನ.

ಹೆಡ್‌ಮಾಸ್ಟರು ತಿರುಗಿ ನೋಡಿದರು. ಅವಳು ಹೆಂಗಸರನ್ನು ಸರಿಸಿಕೊಂಡು ಬದುವಿನವರೆಗೆ ಬಂದಳು.

"ದಾಸಯ್ಯನವರೇ, ತನುಶ್ರೀ ನಂಬರು ತಪ್ಪು ಹಾಕಿದ್ದು ನಾನು. ಮೇಷ್ಟ್ರು ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟಿದ್ರು. ಅವರ ರಿಜಿಸ್ಟರಲ್ಲಿ ಈಗಲೂ ಇದೆ. ಕಂಪ್ಯೂಟರಲ್ಲಿ ಸಾಲು ತಪ್ಪಿಸಿದವಳು ನಾನು. ನನ್ನ ಕೆಲಸ ಉಳೀಲಿ ಅಂತ ಅವರು ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ."

ತಮಟೆ ನಿಂತಿತು.

"ನಂಗೂ ಏಳ್ನಿಲ್ವಲ್ಲವ್ವ ಅವ್ರು," ಅಂದಳು ಚಲುವಮ್ಮ, ಬಿದಿರು ಬಿಡದೆ.

ದಾಸಯ್ಯ ಸಿಂಚನಳ ಕಡೆ ತಿರುಗಿದ. "ಓದ ತಿಂಗ್ಳು ಆಲಿನ್ ಡೈರಿತಾವ ಮೇಷ್ಟ್ರ ಮಕಕ್ಕೆ ಉಗ್ದೆ. ಊರೋರೆಲ್ಲ ಇದ್ರು. ನೀವೂ ಬಸ್ಸಿಗೆ ಕಾಯ್ತಾ ನಿಂತಿದ್ರಿ."

"ಹೌದು."

"ನೋಡುದ್ರಿ."

"ನೋಡಿದೆ."

ಅವನು ಗುದ್ದಲಿಯನ್ನು ಗದ್ದೆಗೆ ಎಸೆದ. ಮುಂದಿನವನನ್ನು ಪಕ್ಕಕ್ಕೆ ತಳ್ಳಿ ತಾನೇ ಚಟ್ಟಕ್ಕೆ ಹೆಗಲು ಕೊಟ್ಟ. "ನಡೀರ್ಲಾ."

ಚಟ್ಟ ಬದು ಹತ್ತಿತು. ಹಿಂದೆ ಚಲುವಮ್ಮ, ನೆಂಟರು, ಹೆಡ್‌ಮಾಸ್ಟರು ಒಬ್ಬೊಬ್ಬರಾಗಿ ಹೊರಟರು. ಸಿಂಚನ ಚಪ್ಪಲಿ ಕಳಚಿ ಕಾಲಿಟ್ಟಳು.

"ಮೇಡಮ್ಮೋರೇ," ದಾಸಯ್ಯ ಚಟ್ಟದ ಕೆಳಗಿನಿಂದಲೇ ಅಂದ, ತಲೆ ತಿರುಗಿಸದೆ. "ನೀವ್ ಈ ಬದುನ್ ಮ್ಯಾಲೆ ಬರ್ಬ್ಯಾಡಿ."

ಚಲುವಮ್ಮ ಒಮ್ಮೆ ನಿಂತಳು, ಮತ್ತೆ ನಡೆದಳು.

ಸಿಂಚನ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಪೈರು ಕೀಳುವವರು ಬಗ್ಗಿದರು. ಆಚೆ, ಗುಂಡಿಯ ಸುತ್ತ ಜನ ಕೂಡಿದರು. ಒಬ್ಬೊಬ್ಬರೂ ಬಾಗಿ ಹಿಡಿ ಮಣ್ಣು ಹಾಕಿ ಹಿಂದೆ ಸರಿಯುವುದು ಇಲ್ಲಿಗೆ ಚಿಕ್ಕದಾಗಿ ಕಾಣುತ್ತಿತ್ತು. ಅವಳೂ ಬಾಗಿದಳು. ಅಂಗೈ ತುಂಬ ಸಿಕ್ಕಿದ್ದು ಕೆಸರು. ಅದನ್ನು ಹಿಡಿದುಕೊಂಡೇ ನಿಂತಳು. ನೀರು ಬೆರಳ ಸಂದಿಯಿಂದ ಇಳಿದು ಮೊಣಕೈವರೆಗೆ ಹರಿಯುತ್ತಿತ್ತು.