ತಿರುವಿಗೆ ಬಂದು ಫೋನ್ ಮಾಡು

ಅಂಗಡಿಯವನು ದಾರಿ ತೋರಿಸುವ ಪೆಟ್ಟಿಗೆಯ ರಬ್ಬರ್ ಬಟ್ಟಲಿಗೆ ಒಂದಿಷ್ಟು ಎಂಜಲು ಸವರಿ ಕಾರಿನ ಮುಂಗಾಜಿಗೆ ಒತ್ತಿ ಹಿಡಿದ.

"ಅಂಟ್ಕೊಳ್ತು ನೋಡಿ ಸಾರ್. ಇನ್ನು ಕಿತ್ರೂ ಬರಲ್ಲ."

ಅಂಗೈಯಗಲದ ಪೆಟ್ಟಿಗೆ ಕ್ಷಣಹೊತ್ತು ಗಾಜಿಗೆ ಜೋತುಕೊಂಡಿತ್ತು. ಆಮೇಲೆ ಏನೋ ಯೋಚಿಸಿದಂತೆ ಬಾಗಿ, ಸೀಟಿನಲ್ಲಿ ಕೂತಿದ್ದ ಗಿರಾಕಿಯ ಮಡಿಲಿಗೆ ಬಿತ್ತು.

"ಗಾಜು ಬಿಸಿಯಾಗಿದೆ, ಅದಕ್ಕೆ," ಎಂದ ಅಂಗಡಿಯವನು, ಸ್ವಲ್ಪವೂ ಅಳುಕದೆ. ಇನ್ನೊಮ್ಮೆ ಒತ್ತಿದ. "ತಪ್ಪು ತಿಳ್ಕೋಬೇಡಿ ಸಾರ್, ಈಗ ಎಲ್ರೂ ಫೋನಲ್ಲೇ ದಾರಿ ನೋಡ್ತಾರೆ. ಇದನ್ನ ಕೇಳ್ಕೊಂಡು ಬಂದವ್ರು ಈ ವರ್ಷ ನೀವೊಬ್ರೇ. ಧೂಳು ಒರೆಸೋಕೂ ಒಂದು ನೆಪ ಸಿಕ್ತು."

"ಫೋನ್ ಬೇರೆ ಕೆಲಸಕ್ಕೆ ಬೇಕು."

"ಎರಡೂ ಒಟ್ಟಿಗೆ ಆಗುತ್ತಲ್ಲ ಸಾರ್?"

ಆಗುತ್ತದೆಂದು ಅವನಿಗೂ ಗೊತ್ತಿತ್ತು. ತೊಂದರೆ ಇದ್ದದ್ದೇ ಅಲ್ಲಿ. ದಾರಿ ತೋರಿಸಬೇಕಾದ ಫೋನನ್ನು ಆರಿಸಿಡುವಂತಿಲ್ಲ. ಆರಿಸಿಡದ ಫೋನಿಗೆ ಅಕ್ಕ ಫೋನ್ ಮಾಡಬಹುದು.

"ಇದು ಮಾತಾಡುತ್ತಾ?"

"ಬರೀ ಮಾತೇ. ನೀವು ತಪ್ಪು ದಾರಿ ಹಿಡಿದ್ರೂ ಬೈಯಲ್ಲ. ಮನೆಯವರ ಥರ ಅಲ್ಲ."

ನಗಬೇಕಾದಷ್ಟು ನಕ್ಕ. "ಇದರೊಳಗಿನ ನಕ್ಷೆ ಹೊಸದಾ?"

"ಹೆಚ್ಚು ಕಡಿಮೆ," ಎಂದ ಅಂಗಡಿಯವನು. "ಹಾಕಿದ ರಸ್ತೆ ಎಲ್ಲಿಗೆ ಓಡಿಹೋಗುತ್ತೆ ಸಾರ್?"

ಇರುವುದರಲ್ಲೇ ಅಗ್ಗದ್ದು ಅದು. ಅವನು ಚೌಕಾಸಿ ಮಾಡಲಿಲ್ಲ. ಚೌಕಾಸಿ ಮಾಡಿದರೆ ಯಾತಕ್ಕೆ, ಎಲ್ಲಿಗೆ ಎಂದು ಮಾತು ಬೆಳೆಯುತ್ತದೆ.

ಹೋದ ವಾರ ಭಾವ ಫೋನ್ ಮಾಡಿದ್ದರು. "ಈ ಮನೆಗೆ ಬಂದು ವರ್ಷ ತುಂಬ್ತು. ನೀನೊಬ್ಬ ಕಾಲಿಟ್ಟಿಲ್ಲ. ಭಾನುವಾರ ಬಾ. ದಾರಿ ನಿನಗೆ ಗೊತ್ತಾಗಲ್ಲ, ತಿರುವಿಗೆ ಬಂದು ಫೋನ್ ಮಾಡು. ನಿಮ್ಮಕ್ಕಾನೇ ಅಲ್ಲಿಗೆ ಬಂದು ಕಾರು ಹತ್ಕೊಳ್ತಾಳಂತೆ." ಆಮೇಲೆ ದನಿ ತಗ್ಗಿಸಿದರು. "ಅವಳಿಗೆ ನಿನ್ನ ಹತ್ರ ಏನೋ ಹೇಳೋದಿದೆ."

"ಏನಂತೆ?"

"ನನ್ನ ಹತ್ರಾನೂ ಬಾಯಿ ಬಿಟ್ಟಿಲ್ಲ. ಮನೇಲಿ ಬೇಡವಂತೆ. ದಾರೀಲಿ ಹೇಳ್ತಾಳಂತೆ."

ಆ ಕೊನೆಯ ಮಾತು ಕೇಳಿಯೇ ಅವನು ಈ ಪೆಟ್ಟಿಗೆ ಹುಡುಕಿಕೊಂಡು ಹೊರಟದ್ದು. ಅಕ್ಕ ದೊಡ್ಡ ಮಾತುಗಳನ್ನು ಎದುರು ಕೂತು ಹೇಳಿದವಳಲ್ಲ. ಅಪ್ಪ ಸತ್ತದ್ದನ್ನು ಅವಳು ಹೇಳಿದ್ದು ಅವನನ್ನು ಶಾಲೆಯಿಂದ ಕರೆದುಕೊಂಡು ಬರುವಾಗ, ರಸ್ತೆ ದಾಟುತ್ತ. ಮುಖ ನೋಡಿರಲಿಲ್ಲ. ಎಡಕ್ಕೆ ನೋಡಿ, ಬಲಕ್ಕೆ ನೋಡಿ, "ಅಪ್ಪ ಇನ್ನಿಲ್ಲ ಪುಟ್ಟ," ಎಂದು ಕೈ ಹಿಡಿದು ಎಳೆದುಕೊಂಡು ಆಚೆ ಬದಿಗೆ ದಾಟಿಸಿದ್ದಳು. ತಾನು ಮದುವೆಯಾಗುವ ಸುದ್ದಿಯನ್ನೂ ಹಾಗೆಯೇ, ಬಸ್ ನಿಲ್ದಾಣಕ್ಕೆ ನಡೆಯುತ್ತ ಹೇಳಿದ್ದಳು. ಪಕ್ಕದಲ್ಲಿ ಒಬ್ಬರಿರಬೇಕು, ಕಣ್ಣು ಮಾತ್ರ ಮುಂದಕ್ಕಿರಬೇಕು. ಆಗಲೇ ಅವಳ ಬಾಯಿ ತೆರೆಯುವುದು.

ಅವಳೊಂದಿಗೆ ಜಗಳವಾಗಿರಲಿಲ್ಲ. ಆಗಿದ್ದರೆ ರಾಜಿಯಾದರೂ ಆಗಬಹುದಿತ್ತು. ಒಂದು ವರ್ಷ ಅವನು ಅವಳ ಹುಟ್ಟುಹಬ್ಬಕ್ಕೆ ಫೋನ್ ಮಾಡಲು ಮರೆತ. ಮರುವರ್ಷ, ಹೋದ ಸಲ ಮರೆತಿದ್ದಕ್ಕೆ ಏನು ಹೇಳುವುದೆಂದು ತಿಳಿಯದೆ ಮಾಡಲಿಲ್ಲ. ಆಮೇಲೆ ಅವಳೂ ಬಿಟ್ಟಳು. ಇಷ್ಟೇ. ಇದನ್ನು ಯಾರಿಗಾದರೂ ಹೇಳಿದರೆ, ಮುಂದೇನಾಯಿತು ಎಂದು ಕೇಳುತ್ತಾರೆ.

ಮನೆಯಲ್ಲಿ ಹೆಂಡತಿ ಅವನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಪೆಟ್ಟಿಗೆಯನ್ನು ನೋಡಿ ತೋಳಿನ ಮಡಿಕೆಯ ಮೇಲೆ ಇಸ್ತ್ರಿಪೆಟ್ಟಿಗೆ ನಿಲ್ಲಿಸಿದಳು.

"ಏನದು?"

"ದಾರಿ ತೋರಿಸೋದು."

"ನಿಮ್ಮಕ್ಕ ತಿರುವಿಗೆ ಬರ್ತಾರಲ್ಲ."

"ಬಿಸಿಲಲ್ಲಿ ಅವಳಿಗ್ಯಾಕೆ ತೊಂದರೆ ಅಂತ."

"ಹಾಗಂತ ಅವರಿಗೆ ಹೇಳಿದ್ರಾ?"

"ಹೇಳೋಣ."

"ಪಾಪ," ಎಂದು ಅವಳು ಅಂಗಿಯನ್ನು ಮಗುಚಿ ಹಾಕಿದಳು. ಯಾರನ್ನು ಕುರಿತು ಹೇಳಿದಳೋ ತಿಳಿಯಲಿಲ್ಲ. ಅಂಗಿ ಹಾಕಿಕೊಂಡಾಗ ಬೆನ್ನಿಗೆ ಬಿಸಿ ತಗಲಿತು.

ಮೊದಲ ಸಿಗ್ನಲ್ಲಿನಲ್ಲಿ ಫೋನ್ ಆರಿಸಿದ. ಚಾರ್ಜ್ ಮುಗಿದಿತ್ತು ಎನ್ನಬಹುದು. ವಾಕ್ಯ ಚೆನ್ನಾಗಿದೆ, ಯಾರ ಮೇಲೂ ತಪ್ಪು ಹೊರಿಸುವುದಿಲ್ಲ. ಇಂಥ ವಾಕ್ಯ ಬರೆಯುವುದೇ ಅವನ ಕೆಲಸ. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದ ಅವನನ್ನು ವಿಮಾ ಕಂಪನಿಯೊಂದು ದೂರುಗಳಿಗೆ ಉತ್ತರ ಬರೆಯಲು ಇಟ್ಟುಕೊಂಡಿತ್ತು. 'ತಮ್ಮ ಪತ್ರ ತಲುಪಿದೆ. ತಮ್ಮ ನೋವು ನಮಗೆ ಅರ್ಥವಾಗುತ್ತದೆ. ವಿಷಯ ಪರಿಶೀಲನೆಯಲ್ಲಿದೆ.' ಓದಿದವರಿಗೆ ಸಿಟ್ಟು ಬರಬಾರದು, ಆಸೆಯೂ ಹುಟ್ಟಬಾರದು. ಅವನ ಉತ್ತರಕ್ಕೆ ಮರುಪತ್ರ ಬರುವುದು ಕಡಿಮೆಯೆಂದು ಮೇಲಧಿಕಾರಿ ಸಭೆಯಲ್ಲಿ ಹೊಗಳಿದ್ದುಂಟು.

"ಮುಂದೆ ಬಲಕ್ಕೆ ತಿರುಗಿ," ಎಂದಿತು ಪೆಟ್ಟಿಗೆ.

ಹೆಣ್ಣಿನ ದನಿ. ಯಾವ ಊರಿನದೂ ಅಲ್ಲದ ಉಚ್ಚಾರ, ಪದಪದಕ್ಕೂ ನಡುವೆ ಒಂದು ಸಣ್ಣ ಹಳ್ಳ. ಬಿಸಿಲಿಗೆ ಪರದೆಯ ಮೇಲಿನ ಗೆರೆಗಳು ಮಾಸಿ ಏನೂ ಕಾಣುತ್ತಿರಲಿಲ್ಲ. ದನಿಯನ್ನೇ ನಂಬಿ ಹೋದ. ಹೇಳಿದಲ್ಲೆಲ್ಲ ತಿರುಗಿದ. ಮೈ ಹಗುರವಾಯಿತು. ಇಷ್ಟು ಹೊತ್ತು ಪಕ್ಕದಲ್ಲಿ ಮಾತಾಡುತ್ತಲೇ ಇದ್ದು ಅವನಿಂದ ಏನನ್ನೂ ಬಯಸದವರು ಈವರೆಗೆ ಯಾರೂ ಸಿಕ್ಕಿರಲಿಲ್ಲ. ಒಮ್ಮೆ ಬೇಕೆಂದೇ ತಪ್ಪು ತಿರುಗಿ ನೋಡಿದ. ಪೆಟ್ಟಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದು ಅದೇ ದನಿಯಲ್ಲಿ ಬೇರೆ ದಾರಿ ಹೇಳಿತು. ಅಂಗಡಿಯವನ ಮಾತು ನಿಜವಾಗಿತ್ತು. ಯಾಕೋ ಅದರಿಂದ ಸಮಾಧಾನವಾಗಲಿಲ್ಲ.

ಊರು ಮುಗಿಯುತ್ತ ಬಂದಂತೆ ಅದು ಅವನನ್ನು ದೊಡ್ಡ ರಸ್ತೆಯಿಂದ ಇಳಿಸಿತು. ಬಣ್ಣದ ಕಾರ್ಖಾನೆಯ ಹಿಂಬದಿ, ಚರಂಡಿಯ ಪಕ್ಕ, ಜಲ್ಲಿ ಎದ್ದ ಓಣಿ. ದೂರದಲ್ಲಿ ಹೆದ್ದಾರಿಯ ಲಾರಿಗಳು ಕಾಣುತ್ತಿದ್ದವು. ಪೆಟ್ಟಿಗೆ ಮಾತ್ರ ಆ ಕಡೆ ಹೋಗೆಂದು ಒಮ್ಮೆಯೂ ಹೇಳಲಿಲ್ಲ. ಆಮೇಲೆ ಅವನಿಗೆ ಹೊಳೆಯಿತು: ಅಕ್ಕನ ಮನೆಯಿರುವ ಬಡಾವಣೆ ಹಳೆಯದು, ಅದರ ಮುಂದಿನ ಹೆದ್ದಾರಿ ಹೊಸದು. ಭಾವ ಹೇಳಿದ ತಿರುವು ಈ ನಕ್ಷೆಯಲ್ಲಿ ಇರಲೇ ಇಲ್ಲ.

"ನೀವು ತಲುಪಬೇಕಾದ ಸ್ಥಳ ಬಂದಿದೆ."

ಭಾವ ಅಂಗಳದಲ್ಲಿ ನಲ್ಲಿ ಬಿಚ್ಚಿಕೊಂಡು ಕೂತಿದ್ದರು. ನಟ್ಟು ಬಿಚ್ಚುವ ಪಾನ ಹಿಡಿದೇ ಎದ್ದು ಬಂದು, ಅವನು ಗಾಜಿಳಿಸಿದಾಗ, ಅವನನ್ನು ನೋಡುವ ಮೊದಲು ಅವನ ಪಕ್ಕದ ಸೀಟನ್ನು ನೋಡಿದರು.

"ಅವಳೆಲ್ಲಿ?"

"ಯಾರು?"

"ಯಾರಂತೆ! ನಿಮ್ಮಕ್ಕ. ತಿರುವಲ್ಲಿ ಸಿಗಲಿಲ್ವಾ?"

"ನಾನು ಈ ಕಡೆಯಿಂದ ಬಂದೆ."

"ಆ ಓಣೀಲಾ? ಅಲ್ಲಿ ಕತ್ತೆ ಕೂಡ ಓಡಾಡಲ್ವಲ್ಲೋ!" ಭಾವ ನಕ್ಕರು. ನಗು ಅರ್ಧಕ್ಕೆ ನಿಂತಿತು. "ನಿನ್ನ ಫೋನಿಗೆ ಎಷ್ಟು ಸಲ ಮಾಡಿದ್ಲು. ಸ್ವಿಚ್ ಆಫ್."

"ಚಾರ್ಜ್ ಮುಗಿದಿತ್ತು ಭಾವ."

"ನೀವು ತಲುಪಬೇಕಾದ ಸ್ಥಳ ಬಂದಿದೆ," ಎಂದಿತು ಪೆಟ್ಟಿಗೆ.

ಭಾವ ಬಗ್ಗಿ ಒಳಗೆ ನೋಡಿದರು. "ಇದ್ಯಾರಪ್ಪ, ಹೊಸ ಅಕ್ಕನ್ನ ಕೂರಿಸ್ಕೊಂಡು ಬಂದಿದ್ದೀಯ?" ಪೆಟ್ಟಿಗೆಯಿಂದ ಹೊರಟು ಕಾರಿನ ಸಾಕೆಟ್ಟಿಗೆ ಸಿಕ್ಕಿಸಿದ್ದ ವೈರಿನ ಉದ್ದಕ್ಕೂ ಅವರ ಕಣ್ಣು ಹರಿದುಹೋಯಿತು. ಅದರ ಪಕ್ಕದಲ್ಲೇ ಇನ್ನೊಂದು ಸಾಕೆಟ್ ಖಾಲಿಯಿತ್ತು. ಪಾನವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡರು.

"ಬೆಳಗ್ಗಿಂದ ಕೂತಲ್ಲಿ ಕೂತಿಲ್ಲ, ನಿಂತಲ್ಲಿ ನಿಂತಿಲ್ಲ," ಎಂದರು ಆಮೇಲೆ. "ತಮ್ಮ ಬರೋದಕ್ಕೆ ಇಷ್ಟು ಸಡಗರಾನಾ ಅಂತ ರೇಗಿಸ್ದೆ. ನಗಲಿಲ್ಲ. ನೀನು ಹೊರಡೋ ಹೊತ್ತಿಗೇ ಛತ್ರಿ ಹಿಡ್ಕೊಂಡು ಹೋಗಿರ್ಬೇಕು. ಫೋನ್ ಮಾಡಿ ಬಾ ಅಂತೀನಿ, ಇರು."

"ಬೇಡ," ಎಂದ. ದನಿ ತಾನಂದುಕೊಂಡದ್ದಕ್ಕಿಂತ ಜೋರಾಗಿತ್ತು. "ನಾನೇ ಹೋಗಿ ಕರ್ಕೊಂಡು ಬರ್ತೀನಿ."

ಭಾವ ಅವನ ಮುಖ ನೋಡಿದರು. "ನೇರ ಹೋಗು. ನೀರಿನ ಟ್ಯಾಂಕ್ ಸಿಗುತ್ತೆ, ಅಲ್ಲಿ ಎಡಕ್ಕೆ. ನಿಧಾನಕ್ಕೇ ಬನ್ನಿ," ಎಂದರು. "ಅವಸರ ಏನಿಲ್ಲ."

ಹೊರಟಕೂಡಲೇ ಪೆಟ್ಟಿಗೆ, 'ಹಿಂದಕ್ಕೆ ತಿರುಗಿ' ಎಂದಿತು. ಟ್ಯಾಂಕಿನ ಬಳಿ ಮತ್ತೆ ಹೇಳಿತು. ಅವನು ವೈರ್ ಕಿತ್ತ. ಅದರ ಬ್ಯಾಟರಿಯಲ್ಲಿ ಜೀವವಿರಲಿಲ್ಲ. ಮಾತಿನ ನಡುವೆಯೇ ಆರಿಹೋಯಿತು.

ತಿರುವಿನಿಂದ ಮನೆಗೆ ದಾರಿ ಬಹಳವಿಲ್ಲ. ಆದರೂ ಒಂದು ಮಾತಿಗೆ ಸಾಕು. ಅವಳಿಗೆ ಕಾಯಿಲೆಯಿರಬಹುದು. ಭಾವನನ್ನು ಬಿಡುತ್ತಿರಬಹುದು. ಅಥವಾ ಇಷ್ಟೇ: ಯಾಕೋ ಪುಟ್ಟ, ಯಾಕೆ ಫೋನ್ ಮಾಡಲಿಲ್ಲ? ಕೊನೆಯದೇ ಎಲ್ಲಕ್ಕಿಂತ ಭಯದ್ದಾಗಿತ್ತು. ಹೇಳಲಿ, ಏನಾದರೂ ಹೇಳಲಿ ಎಂದುಕೊಂಡ. ಪಕ್ಕದ ಸೀಟಿನ ಮೇಲಿದ್ದ ಖಾಲಿ ರಟ್ಟಿನ ಡಬ್ಬಿಯನ್ನು ಹಿಂದಕ್ಕೆ ಎಸೆದು, ಸೀಟನ್ನು ಅಂಗೈಯಿಂದ ಒರೆಸಿದ. ಏನು ಉತ್ತರ ಕೊಡುವುದೆಂದು ಹುಡುಕಿದ. 'ತಮ್ಮ ನೋವು ನಮಗೆ ಅರ್ಥವಾಗುತ್ತದೆ' ಎಂಬುದಷ್ಟೇ ನಾಲಿಗೆಗೆ ಬಂತು.

ತಿರುವಿನಲ್ಲಿ ಅವಳು ಅವನಿಗೆ ಬೆನ್ನು ಮಾಡಿ ನಿಂತಿದ್ದಳು, ಹೆದ್ದಾರಿಗೆ ಮುಖ ಕೊಟ್ಟು. ಛತ್ರಿ ಮಡಚಿ ಕಂಕುಳಲ್ಲಿತ್ತು. ಬಿಚ್ಚಿದರೆ ಮುಖ ಮರೆಯಾಗಿ ತನ್ನನ್ನು ಗುರುತಿಸಲಾರನೆಂದು ಮಡಚಿರಬೇಕು. ತಲೆಯ ಹಿಂಬದಿ ಪೂರ್ತಿ ನರೆತಿತ್ತು. ಅವನು ಸ್ವಲ್ಪ ದೂರದಲ್ಲಿ ಕಾರು ನಿಲ್ಲಿಸಿದ.

ಬಿಳಿ ಕಾರು ಬಂದಾಗೆಲ್ಲ ಅವಳು ಕೈ ಎತ್ತುತ್ತಿದ್ದಳು. ಅದು ನಿಲ್ಲದೆ ಹೋದರೆ, ಹಾಗೇ ಎತ್ತಿದ ಕೈಯನ್ನು ತಲೆಗೆ ಒಯ್ದು ಕೂದಲು ಸವರಿಕೊಳ್ಳುತ್ತಿದ್ದಳು. ಅವನು ಬಿಳಿ ಕಾರನ್ನು ಮಾರಿ ಎರಡು ವರ್ಷವಾಗಿತ್ತು. ಹೇಳುವ ಸಂದರ್ಭ ಬಂದಿರಲಿಲ್ಲ.

ಒಂದು ಲಾರಿ ನಿಂತಿತು. ಚಾಲಕ ಏನೋ ಕೇಳಿದ. ಅವಳು ಇಡೀ ತೋಳು ಚಾಚಿ, ಎಡಕ್ಕೆ ಬಲಕ್ಕೆ ಬೀಸಿ, ಎಲ್ಲೋ ಇರುವ ಯಾವುದೋ ಗೋದಾಮಿಗೆ ದಾರಿ ಹೇಳಿದಳು. ಚಾಲಕ ಅದನ್ನೇ ತಪ್ಪಾಗಿ ತಿರುಗಿ ಹೇಳಿದಾಗ ನಕ್ಕಳು. ಮತ್ತೆ ಮೊದಲಿಂದ ಹೇಳಿದಳು. ಲಾರಿ ಹೋದ ಮೇಲೂ, ಅದು ಸರಿಯಾಗಿ ತಿರುಗಿತೋ ಇಲ್ಲವೋ ಎಂದು ಕತ್ತೆತ್ತಿ ನೋಡುತ್ತಿದ್ದಳು.

ಅವನು ಕಾರನ್ನು ಮೆಲ್ಲಗೆ ಅವಳ ಪಕ್ಕಕ್ಕೆ ತಂದು ನಿಲ್ಲಿಸಿದ.

ಅವಳು ತಿರುಗಿದಳು. ಕಿಟಕಿಗೆ ಬಗ್ಗಿದಳು. ಬಿಸಿಲು ತಡೆಯಲೆಂದು ಕಪ್ಪು ಹಾಳೆ ಅಂಟಿಸಿದ ಗಾಜು. ಹೊರಗಿನವರಿಗೆ ಒಳಗಿನದು ಕಾಣದು. ಅವಳ ಕಣ್ಣು ನೇರವಾಗಿ ಅವನ ಕಣ್ಣಿಗೇ ನೆಟ್ಟಿತ್ತು. ಹಣೆಗಂಟಿದ ಕೂದಲನ್ನು ಹಿಂದಕ್ಕೆ ತಳ್ಳಿ, ಗಾಜಿನಲ್ಲಿ ತನ್ನನ್ನೇ ನೋಡಿಕೊಂಡಳು. ತುಟಿ ಒಂದಿಷ್ಟು ಅಲುಗಿತು, ಹೇಳಬೇಕಾದದ್ದನ್ನು ಇನ್ನೊಮ್ಮೆ ತನಗೇ ಹೇಳಿಕೊಂಡಂತೆ. ಆಮೇಲೆ ಬೆರಳ ಗೆಣ್ಣಿನಿಂದ ಗಾಜಿಗೆ ತಟ್ಟಿದಳು.

"ಯಾವ ಕಡೆ ಹೋಗ್ಬೇಕಿತ್ತು ನೀವು?"

ಅವನ ಬೆರಳು ಗಾಜಿಳಿಸುವ ಗುಂಡಿಯ ಮೇಲಿತ್ತು.

ಅವಳು ಕಾದಳು. ಅಷ್ಟರಲ್ಲಿ ಹೆದ್ದಾರಿಯ ಆ ತುದಿಯಲ್ಲಿ ಒಂದು ಬಿಳಿ ಕಾರು ಕಂಡಿತು. ಅವಳು ನೆಟ್ಟಗಾದಳು, ಅವನಿಗೆ ಬೆನ್ನು ಮಾಡಿದಳು, ಕೈ ಎತ್ತಿದಳು.