ಸಂಚಿ ಗುರುತಿನ ಕಂಪನಿ

ಸಿರಾ ಪೇಟೆಯಲ್ಲಿ ಬೋರ್ಡು ಬರೆಯೋರು ಅಂದರೆ ಕುತುಬುದ್ದೀನ್ ಸಾಹೇಬರು ಅಂತ ಜನ ತಿಳಿದಿದ್ದರು. ತಿಳಿದುಕೊಂಡಿರಲಿ ಬಿಡಿ, ಯಾರು ಬೇಡ ಅಂದರು? ಆದರೆ ಸಾಹೇಬರ ಬಲಗೈಗೆ ಲಕ್ವ ಹೊಡೆದು ಎರಡು ವರ್ಷವಾಗಿತ್ತು. ಅಂದಿನಿಂದ ಸೋಡಾ ಅಂಗಡಿ, ಸೈಕಲ್ ಷಾಪು, ಜವಳಿ ಅಂಗಡಿ, ಎಲ್ಲದರ ಬೋರ್ಡನ್ನೂ ಹಿತ್ತಲಲ್ಲಿ ಕೂತು ಬರೆದವಳು ಅವರ ಹೆಂಡತಿ ಹಮೀದಾ. ಕೆಳಗಿನ ಮೂಲೆಯಲ್ಲಿ ಮಾತ್ರ ‘ಕುತುಬ್ ಆರ್ಟ್ಸ್’ ಅಂತಲೇ ಹಾಕಬೇಕು. ಅಕ್ಷರ ಇವಳದು, ಬಣ್ಣ ಕಲಸಿದ್ದು ಇವಳು, ಟರ್ಪೆಂಟೈನ್ ವಾಸನೆಗೆ ತಲೆನೋವು ಬರಿಸಿಕೊಂಡಿದ್ದೂ ಇವಳೇ. ಗಂಡನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಆ ಮೂಲೆಯ ಮೇಲೆ ಇತ್ತು.

ಅರವತ್ತೊಂದನೇ ಇಸವಿಯ ಬೇಸಿಗೆಯಲ್ಲಿ ಮಧುಗಿರಿಯಿಂದ ಶಂಕರಲಿಂಗಪ್ಪನವರು ಬಂದರು. ಅವರೂ ಇನ್ನೂ ಮೂವರೂ ಸೇರಿ ‘ಬಯಲುಸೀಮೆ ಉಳಿತಾಯ ಕಂಪನಿ’ ಅಂತ ಹೊಸದಾಗಿ ಕಟ್ಟಿದ್ದರು. ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ನಾಲ್ಕೂ ಊರಲ್ಲಿ ಕಚೇರಿ, ನಾಲ್ಕು ಬೋರ್ಡು. ಹಳ್ಳಿ ಜನ ನೋಡಿದ ಕೂಡಲೇ ನಂಬಿ ಒಳಕ್ಕೆ ಬರುವಂಥ ಗುರುತು ಬೇಕು ಅಂದರು. ಗುರುತನ್ನೂ ಅವರೇ ಆರಿಸಿಕೊಂಡು ಬಂದಿದ್ದರು: ಒಂದು ದೊಡ್ಡ ಬೀಗ. ಇಟ್ಟ ದುಡ್ಡು ಭದ್ರ ಅಂತ ಅದರ ಅರ್ಥವಂತೆ. ಮೊದಲು ಸಿರಾದ್ದು ಬರೆಯಿರಿ, ಚೆನ್ನಾಗಿ ಬಂದರೆ ಮಿಕ್ಕ ಮೂರೂ ನಿಮಗೇ ಅಂತ ಹೇಳಿ ಬಸ್ಸು ಹತ್ತಿದರು.

ಬಾಗಿಲ ಪರದೆಯ ಹಿಂದೆ ನಿಂತು ಹಮೀದಾ ಎಲ್ಲಾ ಕೇಳಿಸಿಕೊಂಡಿದ್ದಳು. ಈ ನಾಲ್ಕರ ಮೂಲೆಯಲ್ಲಾದರೂ ನನ್ನ ಹೆಸರು ಹಾಕಲಾ ಅಂತ ಗಂಡನನ್ನು ಕೇಳಿದಳು. ಕುತುಬುದ್ದೀನರು, ಮೊದಲು ಬೋರ್ಡು ಒಪ್ಪಿಗೆಯಾಗಲಿ, ಆಮೇಲೆ ನೋಡೋಣ ಅಂದರು. ಆ ‘ಆಮೇಲೆ’ಯನ್ನು ಅವಳು ಸೆರಗಿಗೆ ಗಂಟು ಹಾಕಿಕೊಂಡಳು.

ಬೀಗ ಹೇಗೆ ಬರೆದಳು ಅಂತೀರಿ! ಹಿತ್ತಾಳೆಯ ಹೊಳಪು, ಕೀಲಿಕೈ ತೂತಿನೊಳಗೆ ಕತ್ತಲೆ, ಬದಿಗೆ ಸಣ್ಣ ನೆರಳು. ದೂರದಿಂದ ನೋಡಿದರೆ ನಿಜವಾದ ಬೀಗವೇ ತೂಗುಬಿದ್ದಂತಿತ್ತು. ಕಚೇರಿ ತೆರೆಯಿತು, ಬೋರ್ಡು ಬಾಗಿಲ ಮೇಲೆ ಕೂತಿತು, ಗುಮಾಸ್ತ ಹೊಸ ಪಾಸ್‌ಬುಕ್ಕುಗಳನ್ನು ಜೋಡಿಸಿಕೊಂಡು ಕಾದ. ನಾಲ್ಕು ಸಂತೆ ಕಳೆದರೂ ಒಂದು ನರಪಿಳ್ಳೆ ಒಳಕ್ಕೆ ಕಾಲಿಡಲಿಲ್ಲ. ಜನ ಬರುತ್ತಿದ್ದರು, ತಲೆ ಎತ್ತಿ ನೋಡುತ್ತಿದ್ದರು, ಹಾಗೇ ಹೋಗಿಬಿಡುತ್ತಿದ್ದರು.

ಯಾಕೆ ಅಂತ ಹಮೀದಾಗೆ ಹೇಳಿದವಳು ಲಕ್ಕಮ್ಮ. ಕಚೇರಿಯ ಎದುರಿಗೇ ಗೋಣಿಚೀಲ ಹಾಸಿಕೊಂಡು ಹುಣಸೆಹಣ್ಣು ಮಾರುವ ಮುದುಕಿ. ಹಣ್ಣಿಗೆ ಅಂತ ಹೋದ ಹಮೀದಾ ಬೋರ್ಡು ಹೆಂಗೈತೆ ಅಂತ ಕೇಳಿದ್ದಕ್ಕೆ ಮುದುಕಿ ಮುಖ ಸಿಂಡರಿಸಿದಳು.

“ನಮ್ಮಂತೋರ ಮನೆಗೆ ಬೀಗ ಬೀಳೋದು ಎರಡೇ ಸಲ ಕಣ್ ಬೂಬಮ್ಮ. ಎಲ್ಲಾರೂ ಊರು ಬುಟ್ಟು ಗುಳೆ ಹೋದಾಗ, ಇಲ್ಲಾ ಕೋರ್ಟಿನ ಅಮೀನ ಬಂದು ಜಪ್ತಿ ಮಾಡ್ದಾಗ. ಈ ಕಂಪ್ನಿಗೆ ಬಾಗ್ಲು ತೆಗೆಯೋಕ್ ಮುಂಚೆನೇ ಬಿದ್ದೈತೆ. ಅಲ್ಲಿಗೆ ಯಾವೋನು ದುಡ್ಡು ತಕ್ಕೊಂಡು ಹೋಗ್ತಾನೆ?”

ಹೀಗೆ ಹೇಳಿ ಮುದುಕಿ ಸೊಂಟದಿಂದ ಸಂಚಿ ಎಳೆದಳು. ಕೆಂಪು ಹಸಿರು ತುಂಡು ಸೇರಿಸಿ ಹೊಲಿದ ಸಂಚಿ, ಎರಡು ಕಡೆ ದಾರ. ಒಂದು ಪದರದಲ್ಲಿ ಎಲೆ, ಇನ್ನೊಂದರಲ್ಲಿ ಅಡಿಕೆ, ಎಲ್ಲಕ್ಕಿಂತ ಒಳಗಿನ ಪದರದಲ್ಲಿ ಅವಳ ದುಡ್ಡು. ಬಾಯಿ ಅಗಲಿಸಿ, ಎಲೆ ಹಾಕ್ಕೋ ಬೂಬಮ್ಮ ಅಂತ ಮುಂದಕ್ಕೆ ಹಿಡಿದಳು. ಹಮೀದಾ ಎಲೆ ತೆಗೆದುಕೊಳ್ಳೋದನ್ನೇ ಮರೆತು ಆ ಸಂಚಿಯನ್ನೇ ನೋಡುತ್ತಾ ಕೂತಳು.

ಅಷ್ಟರಲ್ಲಿ ಶಂಕರಲಿಂಗಪ್ಪನವರ ಕಿವಿಗೆ ಬೋರ್ಡು ಬರೆದದ್ದು ಯಾರು ಅನ್ನೋದು ಬಿತ್ತು. ಮನೆ ಮುಂದೆ ನಿಂತು, ಹೆಂಗಸಿನ ಕೈಗುಣ ಸರಿಯಿಲ್ಲ, ಅದಕ್ಕೇ ಕಂಪನಿ ಏಳುತ್ತಿಲ್ಲ ಅಂದುಬಿಟ್ಟರು. ಮಿಕ್ಕ ಮೂರು ಬೋರ್ಡು ತುಮಕೂರಿನ ಬೋರ್ಡು ಬರೆಯೋರಿಗೆ ಅಂದರು. ಅವರೇ ಬಂದು ಸಿರಾದ ಬೀಗವನ್ನೂ ಇನ್ನಷ್ಟು ದೊಡ್ಡದಾಗಿ, ಕೆಂಪಗೆ ಬರೆಯುತ್ತಾರೆ ಅಂತಲೂ ಹೇಳಿದರು. ಕೈಗುಣವಂತೆ! ಎರಡು ವರ್ಷ ಪೇಟೆಯ ಅಂಗಡಿಗಳೆಲ್ಲ ಯಾವ ಕೈಗುಣದಲ್ಲಿ ನಡೆದವೋ ಕೇಳೋಣ ಅನ್ನಿಸಿತು ಹಮೀದಾಗೆ. ಹಿತ್ತಲಿಗೆ ಹೋಗಿ ಬ್ರಷ್ಷುಗಳನ್ನು ತೊಳೆದಳು.

ಮುಂದಿನ ಸಂತೆಗೆ ಇನ್ನೂ ಎರಡು ದಿನವಿತ್ತು. ಬೆಳಗ್ಗೆ ಪೇಟೆ ತುಂಬಿದ ಹೊತ್ತಿಗೆ ಅವಳು ಏಣಿ ಹೊತ್ತುಕೊಂಡು ಬೀದಿಗೆ ಬಂದಳು. ಹಿಂದೆ ಬಣ್ಣದ ಡಬ್ಬ ಹಿಡಿದು ಕುತುಬುದ್ದೀನರು. ಅವರಿಗೆ ಇದು ಇಷ್ಟವಿತ್ತು ಅಂತೇನಲ್ಲ. ರಾತ್ರಿಯೆಲ್ಲ ಬೇಡ ಬೇಡ ಅಂದಿದ್ದರು. ಬೇಡ ಅಂದವರೇ ಎಡಗೈಯಲ್ಲಿ ಏಣಿ ಹಿಡಿದು ನಿಂತರು. ಹಮೀದಾ ಸೆರಗು ಬಿಗಿದು ಮೇಲೆ ಹತ್ತಿ ಬೀಗಕ್ಕೆ ಬಿಳಿ ಬಣ್ಣ ಬಳಿದಳು. ಗುಮಾಸ್ತ ಹೊರಗೆ ಓಡಿಬಂದು ಕೂಗಾಡಿದ. ಅವಳು ತಿರುಗಿಯೂ ನೋಡಲಿಲ್ಲ. ಮರುದಿನ ಬಿಳಿ ಒಣಗಿದ ಮೇಲೆ ಅದೇ ಜಾಗದಲ್ಲಿ ಲಕ್ಕಮ್ಮನ ಸಂಚಿ ಮೂಡಿತು. ಕೆಂಪು ತುಂಡು, ಹಸಿರು ತುಂಡು, ಬಾಯಿ ತುಸು ತೆರೆದಿತ್ತು.

ಸಂತೆ ದಿನ ಶಂಕರಲಿಂಗಪ್ಪನವರು ಮೊದಲ ಬಸ್ಸಿಗೇ ಬಂದಿಳಿದರು.

“ಯಾರ ಅಪ್ಪಣೆ ಮೇಲೆ ಅಳಿಸಿದೆ?”

“ಯಾರದ್ದೂ ಇಲ್ಲ ಸಾಹೇಬ್ರೆ. ನಾನು ಬರ್ದಿದ್ದು, ನಾನೇ ಅಳಿಸ್ದೆ.”

ಎಲೆ ಅಡಿಕೆ ಚೀಲ ತಂದು ಕಂಪನಿಯ ತಲೆ ಮೇಲೆ ಇಟ್ಟಿದ್ದೀಯಲ್ಲ, ನಾಲ್ಕು ಜನ ನಗುತ್ತಾರೆ ಅಂತ ಅವರು ರೇಗಿದರು. ನಗಲಿ ಅಂದಳು ಹಮೀದಾ. ಈ ಸಂತೆ ಮುಗಿಯುವ ತನಕ ಬಿಡಿ, ಒಬ್ಬರೂ ಒಳಕ್ಕೆ ಬರಲಿಲ್ಲ ಅಂದರೆ ನಾನೇ ಅಳಿಸಿ ನಿಮ್ಮ ಬೀಗ ಬರೆದುಕೊಡುತ್ತೇನೆ, ಕೂಲಿಯೂ ಬೇಡ, ಆಮೇಲೆ ಬ್ರಷ್ಷು ಮುಟ್ಟೋದಿಲ್ಲ ಅಂದಳು. ಸುತ್ತ ಜನ ಸೇರಿದ್ದರಿಂದ ಶಂಕರಲಿಂಗಪ್ಪನವರು ಆಗಲಿ ಅಂದು ಒಳಗೆ ಹೋಗಿ ಕೂತರು.

ಮಧ್ಯಾಹ್ನದ ತನಕ ಯಾರೂ ಬರಲಿಲ್ಲ. ಜನ ನೋಡುವುದಂತೂ ನೋಡುತ್ತಿದ್ದರು, ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಹಮೀದಾ ಏಣಿಯ ಪಕ್ಕ ಬಿಸಿಲಲ್ಲೇ ನಿಂತಿದ್ದಳು. ಹೊತ್ತು ವಾಲಿದ ಮೇಲೆ ಲಕ್ಕಮ್ಮ ಗೋಣಿಚೀಲ ಮಡಿಸಿ ಎದ್ದಳು. ಕಚೇರಿಯ ಮೆಟ್ಟಿಲ ಮೇಲೆ ಕೂತು, ತನ್ನ ಸಂಚಿಯನ್ನೂ ಬೋರ್ಡಿನ ಸಂಚಿಯನ್ನೂ ಎರಡೆರಡು ಸಲ ನೋಡಿದಳು. ಆಮೇಲೆ ಸೀದಾ ಒಳಕ್ಕೆ ಹೋದಳು. ಮೊದಲು ಶಂಕರಲಿಂಗಪ್ಪನವರಿಗೇ ಎಲೆ ಕೊಟ್ಟಳಂತೆ. ಅವರು ಬೇಡ ಅನ್ನಲಾರದೆ ತೆಗೆದುಕೊಂಡ ಮೇಲೆ ಒಳಗಿನ ಪದರಕ್ಕೆ ಕೈ ಹಾಕಿ, ಇದನ್ನ ಮಡಗಿಕೊಳ್ಳಿ ಸಾಮಿ ಅಂದಳಂತೆ. ಬಾಗಿಲಲ್ಲಿ ಇಣುಕುತ್ತಿದ್ದ ಅವಳ ಜೊತೆಯವರು ಒಬ್ಬರ ಹಿಂದೆ ಒಬ್ಬರು ಒಳಗೆ ಹೋದರು. ಹೊತ್ತು ಮುಳುಗುವಷ್ಟರಲ್ಲಿ ಗುಮಾಸ್ತನಿಗೆ ಕೈ ನೋವು ಬಂದಿತ್ತು.

ಶಂಕರಲಿಂಗಪ್ಪನವರು ಹೊರಗೆ ಬಂದಾಗ ಬಾಯಿ ಕೆಂಪಗಿತ್ತು. ಮೂರು ಊರಿಗೂ ಸಂಚಿಯನ್ನೇ ಬರೆದುಕೊಡು ಅಂದರು. ಮೂಲೆಯಲ್ಲಿ ಮಾತ್ರ ‘ಕುತುಬ್ ಆರ್ಟ್ಸ್’ ಇರಲಿ, ಹೆಂಗಸಿನ ಹೆಸರು ಕಂಪನಿ ಬೋರ್ಡಿಗೆ ಬೇಡ ಅಂದರು. ಹಾಗಾದರೆ ಮೂರೂ ತುಮಕೂರಿನವರ ಹತ್ತಿರವೇ ಬರೆಸಿಕೊಳ್ಳಿ, ಇದನ್ನೂ ಇಳಿಸಿಕೊಂಡು ಹೋಗುತ್ತೇನೆ ಅಂತ ಹಮೀದಾ ಏಣಿಗೆ ಕೈ ಹಾಕಿದಳು. ಅವರು ಸ್ವಲ್ಪ ಮೆತ್ತಗಾದರು.

“ಅಲ್ಲಮ್ಮ, ಇಲ್ಲಿ ಬರೋರಿಗೆ ಓದೋಕೇ ಬರಲ್ಲ. ಅದಕ್ಕೇ ತಾನೇ ಚಿತ್ರ ಬರೆಸಿದ್ದು? ಆ ಮೂಲೇಲಿ ನಿನ್ನ ಹೆಸರು ಓದೋರಾದ್ರೂ ಯಾರು?”

“ಅವ್ರ ಹೆಣ್ಮಕ್ಳು ಈಗ ಇಸ್ಕೂಲಿಗೆ ಹೋಗ್ತವ್ರೆ ಸಾಹೇಬ್ರೆ. ಅವ್ರು ಓದ್ತಾರೆ. ಅವ್ರು ಕಲಿಯೋ ಹೊತ್ಗೆ ಇಲ್ಲಿ ಇರ್ಬೇಕಲ್ಲ, ಅದಕ್ಕೆ ಈಗ್ಲೇ ಬರೀತೀನಿ.”

ಅವರು ಕುತುಬುದ್ದೀನರ ಕಡೆ ನೋಡಿದರು, ನೀವಾದರೂ ಹೇಳಿ ಅನ್ನೋ ಹಾಗೆ. ಕುತುಬುದ್ದೀನರು ಎಡಗೈಯಲ್ಲಿ ಏಣಿಯನ್ನು ಗೋಡೆಗೆ ಒತ್ತಿ ಹಿಡಿದು, ದೊಡ್ಡ ಅಕ್ಷರದಲ್ಲಿ ಬರಿ ಹಮೀದಾ ಅಂದರು.

ಅವಳು ಹತ್ತಿ ಬರೆದಳು. ಮಿಕ್ಕ ಮೂರು ಬೋರ್ಡಿನಲ್ಲಿ ಹೆಸರಿನ ಕೆಳಗೆ ‘ಸಿರಾ’ ಅಂತಲೂ ಸೇರಿಸಿದಳು, ಪಾವಗಡದವರಿಗೂ ಎಲ್ಲಿಯವಳು ಅಂತ ಗೊತ್ತಾಗಲಿ ಅಂತ.